ಚೊಚ್ಚಲ ಹೆರಿಗೆ: ಬ್ಯಾನಿ ಬರಿಸಿದವರು ಕಾಯಲೂ ಬೇಕು

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕೆಂಬ ರೂಢಿ ಬಾಗಲಕೋಟೆ ಜಿಲ್ಲೆಯಲ್ಲಿ ಇವತ್ತಿಗೂ ಗಟ್ಟಿಯಾಗಿದೆ. ಕುಬಸ ಮಾಡಿ, ಉಡಿ ತುಂಬಿ ಮಗಳನ್ನು ಕರೆತರುತ್ತಾರೆ. ಇಳಕಲ್ಲಿಗೆ ಕೊಟ್ಟ ಹುಡುಗಿ ಬಾದಾಮಿಗೆ ಬರುತ್ತಾಳೆ. ಗಂಡನ ಜೊತೆ ಗೋವಾದಲ್ಲೋ ಮಂಗಳೂರಿನಲ್ಲೋ ದುಡಿಯುತ್ತಿದ್ದವಳು ಹುನಗುಂದದ ಕಡೆಯ ಹಳ್ಳಿಗೆ ಬರುತ್ತಾಳೆ. ಅಕ್ಕರೆಯ ರೂಢಿ ಇದು. ಆದರೆ ಇದರಿಂದಾಗುವ ಒಂದು ತೊಡಕನ್ನು ನಾವು ಗಮನಿಸಿಯೇ ಇಲ್ಲ. ಮೊದಲ ಆರೇಳು ತಿಂಗಳು ಆಕೆಯನ್ನು ನೋಡಿದ ಡಾಕ್ಟರ್ ಒಬ್ಬರು, ಹೆರಿಗೆ ಮಾಡಿಸುವವರು ಇನ್ನೊಬ್ಬರು. ಮೊದಲು ಮಾಡಿಸಿದ ಸ್ಕ್ಯಾನಿಂಗ್ ಕಾಗದ ಗಂಡನ ಮನೆಯ ಟ್ರಂಕಿನಲ್ಲೇ ಉಳಿದಿರುತ್ತದೆ. ತವರಿನ ಊರಿನಲ್ಲಿ ಎಂಟನೆಯ ತಿಂಗಳಿನಲ್ಲಿ ಮತ್ತೊಂದು ಸ್ಕ್ಯಾನಿಂಗ್ ಆಗುತ್ತದೆ, ಅದರ ಮೇಲೆ ಹೊಸದೊಂದು ತಾರೀಖು ಬೀಳುತ್ತದೆ.

ಮುಂದಿನದೆಲ್ಲ ಆ ತಾರೀಖಿನ ಮೇಲೇ ನಡೆಯುತ್ತದೆ. 'ಡೇಟ್ ದಾಟೈತಿ, ಅಡ್ಮಿಟ್ ಆಗ್ರಿ, ಬ್ಯಾನಿ ಬರೂ ಸಲಾಯಿನ್ ಹಚ್ಚೂಣು' ಎಂದರೆ ಮನೆಯವರಿಗೆ ಎದುರು ಮಾತಿಲ್ಲ. ಗರ್ಭದ ವಯಸ್ಸನ್ನು ನಂಬಿಕೆಯಿಂದ ಹೇಳುವುದು 24 ವಾರದೊಳಗಿನ, ಅದರಲ್ಲೂ ಮೊದಲ ಮೂರು ತಿಂಗಳಿನ ಸ್ಕ್ಯಾನಿಂಗ್. ಎಂಟು–ಒಂಬತ್ತನೆಯ ತಿಂಗಳಿನ ಸ್ಕ್ಯಾನಿಂಗ್ ಎರಡು ಮೂರು ವಾರದಷ್ಟು ತಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆ ಬೇರೆ ತೊಂದರೆ ಇಲ್ಲದ ಗರ್ಭಿಣಿಗೆ ನೋವು ಬರಿಸಲು ಹೇಳಿರುವುದು 41 ವಾರ ತುಂಬಿದೆ ಎಂದು ಖಚಿತವಾಗಿ ಗೊತ್ತಿದ್ದಾಗ. ನಮ್ಮಲ್ಲಿ ಕೈಬಿಟ್ಟು ಹೋಗುತ್ತಿರುವುದು ಆ ಖಚಿತತೆಯೇ. ತಾರೀಖು ತಪ್ಪಾಗಿದ್ದರೆ ಗರ್ಭದ ಕೊರಳು ಇನ್ನೂ ಗಟ್ಟಿಯಾಗಿರಬಹುದು, ಮಗುವೂ ಬಲಿತಿಲ್ಲದಿರಬಹುದು.

ನೋವು ಬರಿಸುವುದೇ ತಪ್ಪು ಎಂಬ ವಾದ ನನ್ನದಲ್ಲ. ರಕ್ತದೊತ್ತಡ ಏರಿದ ಬಸುರಿಯನ್ನು ಕಾಯುತ್ತ ಕೂರಿಸಿದರೆ ತಾಯಿ, ಮಗು ಇಬ್ಬರ ಜೀವಕ್ಕೂ ಅಪಾಯ. ಇದು ಈ ಜಿಲ್ಲೆಗೆ ಹೊಸ ಮಾತಲ್ಲ. ಗರ್ಭಿಣಿಯರ ಬಿ.ಪಿ.ಯನ್ನು ಹಳ್ಳಿಯಲ್ಲೇ ಪತ್ತೆಹಚ್ಚಿ ಆಸ್ಪತ್ರೆಗೆ ಕಳಿಸುವ 'ಕ್ಲಿಪ್' ಎಂಬ ಅಂತರರಾಷ್ಟ್ರೀಯ ಅಧ್ಯಯನ ಕರ್ನಾಟಕದಲ್ಲಿ ನಡೆದದ್ದು ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ. ನಮ್ಮ ಆಶಾ ಕಾರ್ಯಕರ್ತೆಯರೇ ಮನೆಮನೆಗೆ ಹೋಗಿ ಬಿ.ಪಿ. ನೋಡಿದರು. 2020ರಲ್ಲಿ ಬಂದ ಫಲಿತಾಂಶ ಉತ್ಸಾಹ ತರುವಂಥದ್ದಾಗಿರಲಿಲ್ಲ, ಸಾವು–ನೋವು ಗಮನಾರ್ಹವಾಗಿ ತಗ್ಗಲಿಲ್ಲ. ಹಳ್ಳಿಯಲ್ಲಿ ಪತ್ತೆಹಚ್ಚಿದರಷ್ಟೇ ಸಾಲದು, ಕಳಿಸಿದ ಆಸ್ಪತ್ರೆಯೊಳಗೆ ಏನಾಗುತ್ತದೆ ಎಂಬುದೂ ಮುಖ್ಯ ಎಂದು ನಾನು ಅದನ್ನು ಓದಿಕೊಳ್ಳುತ್ತೇನೆ.

ನೋವು ಬರಿಸಿದರೆ ಸಿಜೇರಿಯನ್ ಖಂಡಿತ ಎಂಬ ಮಾತೂ ಪೂರ್ತಿ ನಿಜವಲ್ಲ. ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಚೊಚ್ಚಲ ಗರ್ಭಿಣಿಯರ ಮೇಲೆ ನಡೆದು 2018ರಲ್ಲಿ ಪ್ರಕಟವಾದ 'ಅರೈವ್' ಅಧ್ಯಯನದಲ್ಲಿ, 39ನೇ ವಾರದಲ್ಲಿ ನೋವು ಬರಿಸಿದವರಲ್ಲಿ ಶೇ 18.6, ಕಾದವರಲ್ಲಿ ಶೇ 22.2ರಷ್ಟು ಸಿಜೇರಿಯನ್ ಆಯಿತು. ನಮ್ಮ ಕೆಲವು ಖಾಸಗಿ ವೈದ್ಯರು ಈ ಅಧ್ಯಯನವನ್ನು ಮುಂದಿಡುತ್ತಾರೆ. ಆದರೆ ಅಲ್ಲಿ ಗರ್ಭದ ವಯಸ್ಸು ಬೇಗನೆ ಮಾಡಿದ ಸ್ಕ್ಯಾನಿಂಗ್‌ನಿಂದ ನಿಶ್ಚಿತವಾಗಿತ್ತು, ಹೆರಿಗೆ ಕೋಣೆಯಲ್ಲಿ ನರ್ಸ್‌ಗಳಿದ್ದರು, ನೋವು ಹಿಡಿಯಲು ಬೇಕಾದಷ್ಟು ಹೊತ್ತು ಕಾಯುವ ತಾಳ್ಮೆಯಿತ್ತು. ಇವು ಮೂರೂ ಇಲ್ಲದ ಕಡೆ ಅದರ ಅಂಕಿ ಹೇಳಿ ಪ್ರಯೋಜನವಿಲ್ಲ.

ನಮಗೆ ಹತ್ತಿರದ್ದು ನಾಗ್ಪುರದ ಅನುಭವ. ಅಲ್ಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿ.ಪಿ. ಏರಿದ್ದ 602 ಗರ್ಭಿಣಿಯರಿಗೆ ಎರಡು ಬಗೆಯಲ್ಲಿ ನೋವು ಬರಿಸಿ ಹೋಲಿಸಿದರು: ಅರ್ಧ ಜನಕ್ಕೆ 25 ಮೈಕ್ರೊಗ್ರಾಂ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದರ್ಧಕ್ಕೆ ಗರ್ಭದ ಕೊರಳಿನೊಳಗೆ ಇಡುವ ಫೋಲಿ ಬಲೂನು. 2017ರಲ್ಲಿ ಪ್ರಕಟವಾದ ಲೆಕ್ಕದಂತೆ 24 ಗಂಟೆಯೊಳಗೆ ಸಹಜವಾಗಿ ಹೆರಿಗೆಯಾದದ್ದು ಮಾತ್ರೆಯ ಗುಂಪಿನಲ್ಲಿ ಶೇ 57, ಬಲೂನಿನ ಗುಂಪಿನಲ್ಲಿ ಶೇ 47. ಅಂದರೆ ಅಧ್ಯಯನದ ಶಿಸ್ತಿನೊಳಗೂ, ಹೆಚ್ಚು ಕಡಿಮೆ ಅರ್ಧದಷ್ಟು ಹೆಂಗಸರಿಗೆ ಒಂದು ಹಗಲು, ಒಂದು ರಾತ್ರಿಯೊಳಗೆ ಸಹಜ ಹೆರಿಗೆ ಆಗಲಿಲ್ಲ.

ಬೆಳಿಗ್ಗೆ ಜೆಲ್ ಇಟ್ಟು, ಮಧ್ಯಾಹ್ನ ಆಕ್ಸಿಟೋಸಿನ್ ಸಲಾಯಿನ್ ಏರಿಸಿ, ಸಂಜೆಗೆ 'ಬಾಯಿ ತೆರೀವಲ್ದು, ಥಿಯೇಟರಿಗೆ ತಗೊಂಡ್ ಹೋಗ್ತೀವಿ' ಎನ್ನುವುದು ಈ ಲೆಕ್ಕಕ್ಕೆ ಹೊಂದುವುದಿಲ್ಲ. ಚೊಚ್ಚಲ ಹೆಣ್ಣಿಗೆ ಗರ್ಭದ ಕೊರಳು ಐದು ಸೆಂಟಿಮೀಟರ್ ತೆರೆದ ಮೇಲೂ ಹನ್ನೆರಡು ಗಂಟೆಯವರೆಗೆ ಹೊತ್ತು ಹಿಡಿಯಬಹುದು, ಅದಕ್ಕೆ ಮೊದಲಿನ ಹಂತಕ್ಕೆ ಗಡುವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ತಾಯಿ, ಮಗು ಕ್ಷೇಮವಾಗಿದ್ದರೆ, ನೀರೊಡೆದ ಮೇಲೆ ಆಕ್ಸಿಟೋಸಿನ್ ಕೊಡುತ್ತ ಕನಿಷ್ಠ 12ರಿಂದ 18 ಗಂಟೆ ಕಾದ ಬಳಿಕವೇ ನೋವು ಬರಿಸಿದ್ದು ವಿಫಲವಾಯಿತೆನ್ನಬೇಕು ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ 2014ರಲ್ಲೇ ತಿಳಿಸಿದೆ.

ಕಾಯಲು ಆಗದಿರುವುದಕ್ಕೆ ಬರೀ ದುರಾಸೆಯೇ ಕಾರಣ ಎಂದು ನಾನು ಹೇಳಲಾರೆ. ತಾಲ್ಲೂಕಿನ ಆಸ್ಪತ್ರೆಯಲ್ಲಿ ಪ್ರಸೂತಿ ತಜ್ಞರು ಒಬ್ಬರೇ ಇದ್ದು, ಅರಿವಳಿಕೆ ತಜ್ಞರು ಕರೆದಾಗ ಬರುವವರಾಗಿದ್ದರೆ, ನಡುರಾತ್ರಿ ಮಗುವಿನ ಎದೆಬಡಿತ ಕುಸಿದರೆ ಗತಿಯೇನು ಎಂಬ ಭಯ ಸಂಜೆ ಐದಕ್ಕೇ ಶುರುವಾಗುತ್ತದೆ. ಆಗ ಒಂದೋ ಸಿಜೇರಿಯನ್, ಇಲ್ಲವೇ ಆಂಬುಲೆನ್ಸ್. ಅರ್ಧ ನೋವಿನಲ್ಲಿರುವ ಹುಡುಗಿಯನ್ನು ಇಳಕಲ್ಲಿನಿಂದ ಹುನಗುಂದ ದಾಟಿಸಿ ಬಾಗಲಕೋಟೆಯ ನವನಗರಕ್ಕೆ, ಜಿಲ್ಲಾ ಆಸ್ಪತ್ರೆಗೋ ಕುಮಾರೇಶ್ವರ ಆಸ್ಪತ್ರೆಗೋ ಒಯ್ಯುವುದೆಂದರೆ ಗಂಟೆಗೂ ಮಿಕ್ಕಿದ ದಾರಿ. ಮನೆಯವರೂ ಅವಸರ ಮಾಡುತ್ತಾರೆ; ಅಮಾವಾಸ್ಯೆ ಬೇಡ ಎನ್ನುವವರಿದ್ದಾರೆ, ಮಗಳ ಚೀರಾಟ ಕೇಳಲಾರದೆ 'ಕೊಯ್ದರ ತಗೀರಿ' ಎನ್ನುವವರಿದ್ದಾರೆ.

ಆಕ್ಸಿಟೋಸಿನ್ ಏರಿಸಿದ ಹೆಂಗಸನ್ನು ಒಂಟಿಯಾಗಿ ಬಿಡಕೂಡದು ಎಂಬುದು ಎಲ್ಲ ಮಾರ್ಗಸೂಚಿಗಳ ಮೊದಲ ಮಾತು. ಹನಿಗಳ ವೇಗ ಹೆಚ್ಚಾದರೆ ಗರ್ಭಕೋಶ ಬಿಡುವಿಲ್ಲದೆ ಹಿಂಡುತ್ತದೆ, ಮಗುವಿಗೆ ಆಮ್ಲಜನಕ ತಗ್ಗುತ್ತದೆ. ಹಿಂದೆ ಹಳ್ಳಿಗೇ ಬಂದು ಸೂಜಿ ಚುಚ್ಚಿ ಹೋಗುತ್ತಿದ್ದ ಆರ್‌ಎಂಪಿಗಳಿಂದ ಆದ ಅನಾಹುತವೂ ಇದೇ. ಅದೇ ಔಷಧ ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲಿಸಿ ಜೀವ ಉಳಿಸುತ್ತದೆ. ದನಗಳ ಹಾಲಿಗೆ ದುರ್ಬಳಕೆಯಾಗುತ್ತಿದೆ ಎಂದು 2018ರಲ್ಲಿ ಕೇಂದ್ರ ಸರ್ಕಾರ ಇದನ್ನು ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಒಂದೇ ತಯಾರಿಸಬೇಕೆಂದು ಆದೇಶಿಸಿತ್ತು. ತಾಯಂದಿರಿಗೆ ಔಷಧ ಸಿಗದೇ ಹೋದೀತೆಂಬ ವಾದವನ್ನು ಒಪ್ಪಿ ದೆಹಲಿ ಹೈಕೋರ್ಟ್ ಅದೇ ಡಿಸೆಂಬರ್‌ನಲ್ಲಿ ಆ ಆದೇಶವನ್ನು ರದ್ದು ಮಾಡಿತು. ಔಷಧ ಯಾರು ತಯಾರಿಸಬೇಕು ಎಂಬ ಬಗ್ಗೆ ಅಷ್ಟು ದೊಡ್ಡ ಜಗಳ ನಡೆಯಿತು. ಅದನ್ನು ಏರಿಸಿದ ಮೇಲೆ ಹಾಸಿಗೆಯ ಪಕ್ಕ ಯಾರು ಇರಬೇಕು ಎಂಬ ಬಗ್ಗೆ ಅಷ್ಟು ಗಟ್ಟಿಯಾಗಿ ಯಾರೂ ಕೇಳಲಿಲ್ಲ.

ಇದರ ಬೆಲೆ ಮೊದಲ ಹೆರಿಗೆಗೇ ಮುಗಿಯುವುದಿಲ್ಲ. ಒಮ್ಮೆ ಹೊಟ್ಟೆ ಕೊಯ್ದರೆ, ರಾತ್ರಿ ಹೊತ್ತು ಥಿಯೇಟರ್ ಇಲ್ಲದ ಊರಿನಲ್ಲಿ ಎರಡನೆಯದನ್ನೂ ಕೊಯ್ದೇ ತೆಗೆಯುತ್ತಾರೆ. ಮೂರನೆಯ ಬಸುರಿನ ಹೊತ್ತಿಗೆ ಹಳೆಯ ಗಾಯಕ್ಕೆ ಮಾಸು ಅಂಟಿಕೊಂಡು ರಕ್ತ ಕಟ್ಟಲಾಗದಂತೆ ಹರಿಯುವ ಅಪಾಯ ಬೆಳೆಯುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತಿವೆ. ಸಿಜೇರಿಯನ್ ಪ್ರಮಾಣ ಶೇ 31.5, ಖಾಸಗಿಯಲ್ಲಿ ಅರ್ಧಕ್ಕೂ ಹೆಚ್ಚು. ಆದರೂ 2018–20ರಲ್ಲಿ ಲಕ್ಷ ಜೀವಂತ ಜನನಕ್ಕೆ ನಮ್ಮಲ್ಲಿ 69 ತಾಯಂದಿರು ಸತ್ತರು, ಕೇರಳದಲ್ಲಿ 19. ಬಳ್ಳಾರಿಯಲ್ಲಿ 2024ರ ನವೆಂಬರ್‌ನಲ್ಲಿ ಸಿಜೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡದ್ದನ್ನು ನಾಡು ಮರೆತಿಲ್ಲ. ಅಲ್ಲಿ ಅನುಮಾನ ಬಿದ್ದದ್ದು ಸಲಾಯಿನ್ ಬಾಟಲಿಯ ಮೇಲೆ. ಬೇಡದ ಪ್ರತಿಯೊಂದು ಶಸ್ತ್ರಚಿಕಿತ್ಸೆಯೂ ಹೆಣ್ಣನ್ನು ಅಂಥ ಅಪಾಯಗಳ ಎದುರು ಒಯ್ದು ನಿಲ್ಲಿಸುತ್ತದೆ ಎಂಬುದು ನನ್ನ ಆತಂಕ.

ಬಾದಾಮಿಯ ಮ್ಯೂಸಿಯಂನಲ್ಲಿ ನಾಗನಾಥಕೊಳ್ಳದಿಂದ ತಂದ, ಹೆರುವ ಭಂಗಿಯ ದೇವಿ ಲಜ್ಜಾಗೌರಿ ಇದ್ದಾಳೆ. ಐಹೊಳೆ ಸಮೀಪದ ಸಿದ್ಧನಕೊಳ್ಳದ ಲಜ್ಜಾಗೌರಿಗೆ ಮಕ್ಕಳ ಫಲ ಬೇಡಿ ಹೆಂಗಸರು ಇಂದಿಗೂ ಹರಕೆ ಹೊರುತ್ತಾರೆ. ಹೆರುವ ದೇಹವನ್ನು ದೇವರೆಂದು ಪೂಜಿಸಿದ ನೆಲದಲ್ಲಿ, ಹೆರುವಾಕೆಗೆ ತನಗೆ ಯಾವ ಮಾತ್ರೆ ಕೊಟ್ಟರು, ಏಕೆ ಕೊಟ್ಟರು ಎಂದು ಹೇಳುವವರಿಲ್ಲ. ಹೆರಿಗೆ ಕೋಣೆಯಲ್ಲಿ ತಾಯಿಯೋ ಅಕ್ಕನೋ ಜೊತೆಗಿರಲು ಬಿಡಬೇಕೆಂದು ಕೇಂದ್ರದ 'ಲಕ್ಷ್ಯ' ಕಾರ್ಯಕ್ರಮ 2017ರಿಂದಲೂ ಹೇಳುತ್ತಿದೆ. ಜೊತೆಗೊಬ್ಬರಿದ್ದರೆ ಸಿಜೇರಿಯನ್ ತಗ್ಗುತ್ತದೆ ಎಂಬುದಕ್ಕೆ ಆಧಾರವೂ ಇದೆ, ಅದಕ್ಕೆ ಖರ್ಚೂ ಇಲ್ಲ.

ಮಾಡಬೇಕಾದದ್ದು ದೊಡ್ಡದೇನಲ್ಲ. ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಬೇಗನೆ ಮಾಡಿದ ಸ್ಕ್ಯಾನಿಂಗ್‌ನ ತಾರೀಖು ಕಡ್ಡಾಯವಾಗಿ ದಾಖಲಾಗಲಿ, ಕಾರ್ಡು ಉಡಿ ತುಂಬಿದವಳ ಜೊತೆಗೇ ತವರಿಗೆ ಬರಲಿ. ರಾತ್ರಿಯಿಡೀ ಥಿಯೇಟರ್, ರಕ್ತ, ಅರಿವಳಿಕೆ ತಜ್ಞರು ಇರುವ ಕಡೆ ಮಾತ್ರ ಚೊಚ್ಚಲ ಹೆರಿಗೆಗೆ ನೋವು ಬರಿಸಲಿ. ಬಾದಾಮಿ, ಹುನಗುಂದ, ಇಳಕಲ್ಲುಗಳಲ್ಲಿ ಆ ವ್ಯವಸ್ಥೆ ಇಲ್ಲದಿದ್ದರೆ ನೋವು ಶುರುವಾಗುವ ಮೊದಲೇ ಬಾಗಲಕೋಟೆಗೆ ಕಳಿಸಲಿ. ಐರ್ಲೆಂಡಿನ ವೈದ್ಯ ಮೈಕೆಲ್ ರಾಬ್ಸನ್ 2001ರಲ್ಲಿ ರೂಪಿಸಿದ ಹತ್ತು ಗುಂಪುಗಳ ವರ್ಗೀಕರಣದಲ್ಲಿ ಎರಡನೆಯ ಗುಂಪು ಇಂಥವರದ್ದೇ: ಚೊಚ್ಚಲು, ಒಂದೇ ಮಗು, ತಲೆ ಕೆಳಗೆ, 37 ವಾರ ತುಂಬಿದ್ದು, ನೋವು ಬರಿಸಿದ್ದು ಅಥವಾ ನೋವಿಗೆ ಮೊದಲೇ ಕೊಯ್ದದ್ದು. ಈ ಗುಂಪಿನಲ್ಲಿ ಎಷ್ಟು ಜನ ಸಹಜವಾಗಿ ಹೆತ್ತರು, ಎಷ್ಟು ಜನ ಎಷ್ಟು ಗಂಟೆ ಕಾದ ಮೇಲೆ ಥಿಯೇಟರಿಗೆ ಹೋದರು ಎಂಬುದನ್ನು ಜಿಲ್ಲೆಯ ಪ್ರತಿ ಆಸ್ಪತ್ರೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ತಿಂಗಳಿಗೊಮ್ಮೆ ಬಾಗಿಲಿಗೆ ಬರೆದು ಹಚ್ಚಲಿ. ಜಿಲ್ಲಾ ಆರೋಗ್ಯಾಧಿಕಾರಿಗಳ ಒಂದು ಸೂಚನೆಯಿಂದ ಈ ಕೆಲಸ ಮುಂದಿನ ತಿಂಗಳೇ ಶುರುವಾಗಬಹುದು.