ಗೆಜ್ಜೆ ಬಿಚ್ಚುವ ದಿನ

ಪತ್ತನಾಜೆ ಎಂಬ ಮಾತು ಘಟ್ಟದ ಮೇಲಿನ ವಾಚಕರಿಗೆ ಅಷ್ಟಾಗಿ ಪರಿಚಿತವಾಗಿರಲಾರದು. ತುಳುವರ ಬೇಶ ತಿಂಗಳ ಹತ್ತನೆಯ ದಿನವದು. ಮೇ ತಿಂಗಳ 24 ಅಥವಾ 25ರ ಸುಮಾರಿಗೆ ಬರುತ್ತದೆ. ತೆಂಕುತಿಟ್ಟಿನ ಯಕ್ಷಗಾನ ಮೇಳಗಳು ಆ ಹೊತ್ತಿಗೆ ತಿರುಗಾಟ ಮುಗಿಸಿ, ದೇವರ ಸನ್ನಿಧಿಯಲ್ಲಿ ಕೊನೆಯ ಸೇವೆಯಾಟವಾಡಿ, ಕಾಲಿನ ಗೆಜ್ಜೆ ಬಿಚ್ಚುತ್ತವೆ. ಕೋಲ ನೇಮಗಳೂ ಅಲ್ಲಿಗೆ ನಿಲ್ಲುತ್ತವೆ. ಮುಂದೆ ಮಳೆ, ಗದ್ದೆ, ಬೇಸಾಯ. ಮಳೆಗಾಲದಲ್ಲಿ ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆಯ ಹೊತ್ತು ಮನೆಮನೆಗೆ ಹೋಗುವುದುಂಟು. ಅದು ಸ್ವಲ್ಪ ಹೊತ್ತಿನ ಕುಣಿತ, ಇಡಿಯ ರಾತ್ರಿಯ ದಣಿವಲ್ಲ.

ಈ ಕಟ್ಟಳೆಯನ್ನು ಹಿರಿಯರು ದೇಹಾರೋಗ್ಯಕ್ಕೆಂದೇ ಮಾಡಿದರೆಂದು ನಾನು ವಾದಿಸುವುದಿಲ್ಲ. ಸುರಿಯುವ ಮಳೆಯಲ್ಲಿ ಬಯಲಾಟ ನಡೆಯದೆಂಬುದೇ ಮೊದಲ ಕಾರಣವಿದ್ದೀತು. ಕಾರಣವೇನೇ ಇರಲಿ, ಕುಣಿಯುವವನ ಕಾಲಿಗೂ ಕಂಠಕ್ಕೂ ಅವನ ಮನೆಯವರಿಗೂ ವರ್ಷದಲ್ಲಿ ಕೆಲವು ತಿಂಗಳು ಸಂದವು. ಹೊಟ್ಟೆಪಾಡಿಗಾಗಿ ಕುಣಿಯುವವನಿಗೆ ದೊರೆತ ಈ ಬಿಡುವು, ಸಂತೋಷಕ್ಕಾಗಿ ಕುಣಿಯುವ ನಮ್ಮಂಥ ಹವ್ಯಾಸಿಗಳಿಗೆ ಇಲ್ಲದೆ ಹೋದುದೇ ವಿಚಿತ್ರ. ನಮಗೆ ಸಭಾಭವನದ ಮಾಡು ಇದೆ, ಮಳೆ ತಟ್ಟದು. ಶಾಲೆಯ ವಾರ್ಷಿಕೋತ್ಸವ, ಗಣೇಶೋತ್ಸವ, ಯಾರದೋ ಷಷ್ಟ್ಯಬ್ದಿ—ಕರೆ ಬಂದಾಗ ಇಲ್ಲವೆನ್ನುವ ನಾಲಗೆ ನಮಗಿಲ್ಲ.

ನಾನೂ ಹಲವು ವರ್ಷಗಳಿಂದ ಇಂಥದೊಂದು ಸಂಘದಲ್ಲಿ ವೇಷ ಹಾಕುತ್ತಿರುವವನು. ಭಾನುವಾರ ರಾತ್ರಿಯ ಆಟ ಮುಗಿಸಿ, ಕಿವಿಯ ಹಿಂದೆ ಬಣ್ಣ ಉಳಿದಂತೆಯೇ ಸೋಮವಾರ ಮೊದಲ ಗಂಟೆಗೆ ಕುಮಾರವ್ಯಾಸನನ್ನು ಪಾಠ ಹೇಳಲು ನಿಂತದ್ದುಂಟು. ಒಮ್ಮೆ ಪದ್ಯದ ನಡುವೆ ಮಾತು ನಿಂತುಹೋಯಿತು. ಕಣ್ಣು ತೆರೆದೇ ಇತ್ತು, ಎದುರಿಗಿದ್ದ ಅಕ್ಷರ ಮಾತ್ರ ಕಾಣಲಿಲ್ಲ. ಹುಡುಗರು ನಗಲಿಲ್ಲ, ನಕ್ಕಿದ್ದರೆ ಲೇಸಾಗುತ್ತಿತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲನೆ ಸಾಲನ್ನು ಎತ್ತಿಕೊಟ್ಟಳು. ಮನೆಯಾಕೆ ಅದೇ ವಾರ ಹೇಳಿದ ಮಾತು ಇನ್ನೂ ಹರಿತವಾದುದು: “ಮಗಳ ಪರೀಕ್ಷೆ ಯಾವತ್ತೆಂದು ನಿಮಗೆ ಗೊತ್ತಿಲ್ಲ, ಅಭಿಮನ್ಯು ಕಾಳಗದ ದಿನಾಂಕ ಮಾತ್ರ ಬಾಯಿಪಾಠ.”

ಅಭಿಮನ್ಯುವಿನ ಮಾತು ಬಂದಿತಾದುದರಿಂದ ಹೇಳುತ್ತೇನೆ. ಪುಂಡುವೇಷದ ಮೋಹ ಹವ್ಯಾಸಿಗಳನ್ನು ಬೇಗ ಬಿಡುವುದಿಲ್ಲ. ನಲುವತ್ತು ದಾಟಿದ ಅಭಿಮನ್ಯುವಿಗೆ ಹದಿನಾರರ ಮೊಣಕಾಲು ಇರುವುದಿಲ್ಲವೆಂಬುದು ಚೌಕಿಯಲ್ಲಿ ಎಲ್ಲರಿಗೂ ತಿಳಿದಿದೆ, ಯಾರೂ ಹೇಳುವುದಿಲ್ಲ. ಮೇಳದ ಕಲಾವಿದ ಎಳವೆಯಿಂದ ದಿನವೂ ಕುಣಿದು ಕಾಲನ್ನು ಪಳಗಿಸಿದವನು. ನಾವಾದರೋ ವಾರವಿಡೀ ಕುರ್ಚಿಯಲ್ಲಿ ಕುಳಿತು, ಶನಿವಾರ ರಾತ್ರಿ ಒಮ್ಮೆಲೇ ಧೀಂಗಿಣ ಹಾರುವವರು. ಬಡಗಿನ ಗೆಳೆಯರು ಮೊಣಕಾಲೂರಿ ಮಂಡಿ ತಿರುಗುವವರು. ಉಸಿರು ಕೆಲವು ವಾರಗಳ ಅಭ್ಯಾಸದಿಂದ ಹಿಡಿತಕ್ಕೆ ಬಂದೀತು. ಕೀಲು ಸ್ನಾಯುರಜ್ಜುಗಳು ಗಟ್ಟಿಯಾಗಲು ಅದಕ್ಕಿಂತ ಬಹಳ ಕಾಲ ಬೇಕು. ನೋವು ಬರುವುದು ಈ ಅಂತರದಲ್ಲಿಯೇ. ಬಿಗಿದ ವೇಷದೊಳಗೆ ಬೆವರಿ, ನೀರನ್ನೂ ಕುಡಿಯದೆ, ಆಟ ಮುಗಿದ ಮೇಲೆ ಅಪರಾತ್ರಿಯಲ್ಲಿ ಹೊಟ್ಟೆತುಂಬ ಉಂಡು ಮಲಗುವುದು ಬೇರೆ. ಕುಣಿತ ವ್ಯಾಯಾಮವಲ್ಲವೆ ಎಂದು ಕೇಳುವವರುಂಟು. ಹೌದು, ನಿದ್ದೆಗೆಟ್ಟು ಮಾಡಿದ ವ್ಯಾಯಾಮ.

ಇಂಥ ಮಾತೆತ್ತಿದೊಡನೆ ಚಿಟ್ಟಾಣಿಯವರ ಹೆಸರು ಬರುತ್ತದೆ. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ ತೀರಿಕೊಂಡರು. ಎಂಬತ್ತು ದಾಟಿದ ಮೇಲೂ ರಂಗದಲ್ಲಿದ್ದರು. ನಿಮಗೇನು ಧಾಡಿ ಎಂಬುದು ಪ್ರಶ್ನೆ. ಕೆರೆಮನೆ ಶಂಭು ಹೆಗಡೆಯವರು 2009ರಲ್ಲಿ ಇಡಗುಂಜಿಯಲ್ಲಿ ವೇಷದಲ್ಲಿದ್ದಾಗಲೇ ಅಸ್ವಸ್ಥರಾಗಿ ತೀರಿಹೋದುದನ್ನು ಧನ್ಯಮರಣವೆಂದು ಹೇಳುವವರೂ ಇದ್ದಾರೆ. ಆ ಮಹನೀಯರಿಗೆ ರಂಗವೇ ಬದುಕಾಗಿತ್ತು. ನಮ್ಮ ಬದುಕು ಬೇರೆಡೆ ಇದೆ. ಅಲ್ಲಿ ನಮ್ಮನ್ನು ಕಾಯುವವರಿದ್ದಾರೆ. ಅವರ ಕೊನೆಯನ್ನು ಎರವಲು ತಂದು ನಮ್ಮ ಅಜಾಗ್ರತೆಗೆ ಹೊದಿಸುವುದು ಅವರಿಗೂ ಗೌರವವಲ್ಲ.

ಇಷ್ಟು ಕಟುವಾಗಿ ಬರೆಯಲು ಕಾರಣವಿದೆ. ನಮ್ಮ ಸಂಘದ ಹಿರಿಯರೊಬ್ಬರಿಗೆ ಸಕ್ಕರೆ ಕಾಯಿಲೆ ಬಹಳ ವರ್ಷಗಳಿಂದ ಇತ್ತು. ಕಾಯಿಲೆ ಹಳೆಯದಾದಂತೆ ಪಾದದ ಸ್ಪರ್ಶಜ್ಞಾನ ಕುಗ್ಗುತ್ತದೆ. ಮುಳ್ಳು ಚುಚ್ಚಿದರೂ ತಿಳಿಯದು. ಬರಿಗಾಲಲ್ಲಿ ಕುಣಿದಾಗ ಹೆಬ್ಬೆರಳಿಗಾದ ಗಾಯ ಅವರಿಗೆ ನೋಯಲಿಲ್ಲ. ನೋಯಲಿಲ್ಲವಾದುದರಿಂದ ಇನ್ನೂ ಮೂರು ಆಟ ಕುಣಿದರು. ಆ ಬೆರಳನ್ನು ತೆಗೆಯಬೇಕಾಯಿತು. ಬಣ್ಣ ಒರೆಸುವಾಗ ಅವರ ಕಾಲನ್ನು ನಾವೆಲ್ಲರೂ ನೋಡಿದ್ದೆವು. ಕರೆ ಒಪ್ಪಿಯಾಗಿದೆ, ಮುಖ್ಯವೇಷಕ್ಕೆ ಬೇರೆ ಜನವಿಲ್ಲ ಎಂಬ ಒಂದು ಮಾತು ನಮ್ಮೆಲ್ಲರ ಬಾಯಿ ಕಟ್ಟಿತು. ಈಗ ಅವರು ತಾಳಮದ್ದಳೆಯಲ್ಲಿ ಕುಳಿತು ಅರ್ಥ ಹೇಳುತ್ತಾರೆ, ಸೊಗಸಾಗಿಯೇ ಹೇಳುತ್ತಾರೆ. ಪದ ಏರುವಾಗ ಪಂಚೆಯ ಕೆಳಗೆ ಅವರ ಪಾದ ತಾಳ ಹಾಕುವುದನ್ನು ನಾನು ನೋಡದಂತಿರುತ್ತೇನೆ.

ಹಾಗೆಂದು ಕುಣಿತವನ್ನೇ ಬಿಡಬೇಕೆಂಬ ಉಪದೇಶ ನನ್ನದಲ್ಲ. ಬಿಟ್ಟ ಒಂದು ವರ್ಷ ನಾನು ಯಾರಿಗೂ ಬೇಡವಾದ ಮನುಷ್ಯನಾಗಿದ್ದೆ. ಚೆಂಡೆಯ ಸದ್ದು ಕೇಳಿದರೆ ಕಿಟಕಿ ಮುಚ್ಚುತ್ತಿದ್ದೆ. ನನ್ನ ವಾದ ಇಷ್ಟೆ: ಹವ್ಯಾಸಿಗೂ ಒಂದು ಪತ್ತನಾಜೆ ಬೇಕು, ಅದನ್ನು ಸಂಘವೇ ಗೊತ್ತುಮಾಡಬೇಕು. ಒಬ್ಬೊಬ್ಬನಾಗಿ ಇಲ್ಲವೆನ್ನುವುದು ಸಂಕೋಚದ ಕೆಲಸ. ಎಲ್ಲರೂ ಗೆಜ್ಜೆ ಬಿಚ್ಚಿದರೆ ಯಾರಿಗೂ ಮುಖಭಂಗವಿಲ್ಲ. ಆ ತಿಂಗಳುಗಳಲ್ಲಿ ವಾರಕ್ಕೆರಡು ದಿನ ಹಗುರವಾದ ಹೆಜ್ಜೆಯ ಅಭ್ಯಾಸ ನಡೆಯಲಿ, ವೈದ್ಯರ ಬಳಿಗೂ ಹೋಗಿಬರೋಣ. ಇಡೀ ರಾತ್ರಿಯ ಆಟವನ್ನು ಮೊಟಕುಮಾಡಿದ ಕಾಲಮಿತಿ ಪ್ರಯೋಗಗಳನ್ನು ಒಂದು ಕಾಲಕ್ಕೆ ಹಳಿದವನು ನಾನು. ಬೆಳಗಿನ ಜಾವದ ಬಣ್ಣದ ವೇಷದ ಸೊಬಗು ಅದರಲ್ಲಿಲ್ಲವೆಂದು ಈಗಲೂ ಹೇಳುತ್ತೇನೆ. ಆದರೂ ಮರುದಿನ ದುಡಿಯಬೇಕಾದವನಿಗೆ ಅದೇ ಸರಿ.

ಈ ಸಲ ಪತ್ತನಾಜೆಯಂದು ನನ್ನ ಗೆಜ್ಜೆಯನ್ನು ಬಟ್ಟೆಯಲ್ಲಿ ಸುತ್ತಿ ಮನೆಯಾಕೆಯ ಕೈಗೆ ಕೊಟ್ಟೆ. ಎಲ್ಲಿಟ್ಟಳೆಂದು ಕೇಳಿಲ್ಲ. ನಿನ್ನೆ ಆಟಿ ತಿಂಗಳ ಆಟವೊಂದಕ್ಕೆ ಕರೆ ಬಂದಿದೆ, ವೇಷ ಬಭ್ರುವಾಹನನದು. ಪತ್ರ ಮೇಜಿನ ಮೇಲೆ, ತಿದ್ದದೆ ಉಳಿದ ಉತ್ತರ ಪತ್ರಿಕೆಗಳ ಕೆಳಗಿದೆ. ಇನ್ನೂ ಮರುಪತ್ರ ಬರೆದಿಲ್ಲ.