ಹಿಂದಿನ ಆಸನದ ಜಗಳವೂ ಮುಂದಿನ ಆಸನದ ಅಜ್ಜನೂ



ಬೇಸಿಗೆ ರಜೆ ಬಂದಿತೆಂದರೆ ನಿಮ್ಮಲ್ಲಿ ಬಹುಮಂದಿ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಊರಿನ ಕಡೆಗೆ ಹೊರಡುತ್ತೀರಿ. ಹೊರಟ ಅರ್ಧ ಗಂಟೆಯಲ್ಲಿಯೇ ಹಿಂದಿನ ಆಸನದಿಂದ ಮೊದಲ ದೂರು ಕೇಳಿಬರುತ್ತದೆ. 'ಅಪ್ಪಾ, ಇವಳ ಕೈ ನನ್ನ ಕಡೆ ಬಂತು.' ಆ ದೂರನ್ನು ಕುರಿತು ನನಗೆ ಕೆಲವು ಮಾತು ಹೇಳುವುದಿದೆ. ಮೂವತ್ತನಾಲ್ಕು ವರ್ಷ ಮಕ್ಕಳನ್ನು ಬೆಂಚಿನ ಮೇಲೆ ಕೂರಿಸಿದ ಅನುಭವದ ಬಲದಿಂದ ಈ ಮಾತು ಹೇಳುತ್ತಿದ್ದೇನೆಂದು ಭಾವಿಸಬೇಡಿರಿ. ಆ ಅನುಭವ ಒಂದು ದಿನ ನನಗೆ ಹೇಗೆ ಕೈಕೊಟ್ಟಿತೆಂಬುದನ್ನು ಹೇಳುವುದಕ್ಕಾಗಿಯೇ ಈ ಬರಹ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಉಪ್ಪಿನಂಗಡಿಯ ಸಮೀಪದ ನಮ್ಮ ಮೂಲಮನೆಗೆ ಹೊರಟಿದ್ದೆವು. ಕಾರು ನಡೆಸುವವನು ಮಗ. ಅವನ ಪಕ್ಕದಲ್ಲಿ ನಾನು. ನಮ್ಮ ಮನೆಗಳಲ್ಲಿ ಮುಂದಿನ ಆಸನ ಹಿರಿಯರಿಗೆ ಸಲ್ಲತಕ್ಕದ್ದು, ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ಹಿಂದೆ ಒಂದು ಕಿಟಕಿಯ ಬಳಿ ಸೊಸೆ, ನಡುವೆ ಒಂಬತ್ತು ವರ್ಷದ ಮೊಮ್ಮಗಳು, ಇನ್ನೊಂದು ಕಿಟಕಿಯ ಬಳಿ ಮಕ್ಕಳ ಸೀಟಿನಲ್ಲಿ ಐದು ವರ್ಷದ ಮೊಮ್ಮಗ. ಸೊಸೆಗೆ ಘಟ್ಟದ ತಿರುವುಗಳಲ್ಲಿ ತಲೆಸುತ್ತು ಬರುವುದರಿಂದ ಅವಳಿಗೆ ಕಿಟಕಿ ಬೇಕು. ಹೀಗಾಗಿ ಜಗಳವಾಡುವ ಇಬ್ಬರೂ ಪಕ್ಕಪಕ್ಕದಲ್ಲಿಯೇ ಉಳಿದರು.

ನೆಲಮಂಗಲ ದಾಟುವ ಮೊದಲೇ ಯುದ್ಧ ಆರಂಭವಾಯಿತು. ಕುಣಿಗಲ್ಲಿನ ಹೊತ್ತಿಗೆ ಇಬ್ಬರ ನಡುವೆ ಒಂದು ದಿಂಬು ಗಡಿಯಾಯಿತು. ಬೆಳ್ಳೂರು ಕ್ರಾಸಿನ ಹೊತ್ತಿಗೆ ಆ ದಿಂಬು ಯಾರದೆಂಬುದೇ ಹೊಸ ಜಗಳವಾಯಿತು. ಚನ್ನರಾಯಪಟ್ಟಣದಲ್ಲಿ ತಿಂಡಿ ತಿಂದದ್ದರಿಂದ ಹಾಸನದವರೆಗೆ ಶಾಂತಿ. ಸಕಲೇಶಪುರ ದಾಟಿದ ಮೇಲೆ ಮತ್ತೆ ಕೂಗಾಟ, ಚಿವುಟಾಟ, ಅಳು. ಮಗ ಎರಡು ಸಲ ಹಿಂದಕ್ಕೆ ಕತ್ತು ಹೊರಳಿಸಿ ಗದರಿದ. ಮುಂದೆ ಶಿರಾಡಿ ಘಟ್ಟ. ಸಾಲುಸಾಲು ಲಾರಿ, ಟ್ಯಾಂಕರುಗಳು. ಅವನು ಹಿಂದೆ ತಿರುಗಿದಷ್ಟು ಸಲವೂ ನನ್ನ ಎದೆ ಹಾರಿತು. ಆಗ ನಾನು ಮೇಷ್ಟರ ಬುದ್ಧಿ ಉಪಯೋಗಿಸಿದೆ. ತರಗತಿಯಲ್ಲಿ ಇಬ್ಬರು ಹುಡುಗರು ಕಚ್ಚಾಡಿದರೆ ಒಬ್ಬನನ್ನು ಮುಂದಿನ ಬೆಂಚಿಗೆ ಕರೆಯುತ್ತಿದ್ದೆನಲ್ಲವೇ? ಹಾಗೆಯೇ, 'ಪುಟ್ಟಾ, ನೀನು ಮುಂದೆ ಬಾ, ಅಜ್ಜನ ತೊಡೆಯ ಮೇಲೆ ಕುಳಿತುಕೋ' ಎಂದೆ.

'ಬೇಡ ಮಾವ, ಅವನು ಸೀಟಿನಲ್ಲಿಯೇ ಇರಲಿ. ಅತ್ತರೂ ಚಿಂತೆಯಿಲ್ಲ' ಎಂದಳು ಸೊಸೆ. 'ನಾನು ಹಿಡಿದುಕೊಂಡಿರುತ್ತೇನಲ್ಲಮ್ಮಾ' ಎಂದೆ. ಮಾವನ ಮಾತಿಗೆ ಅವಳು ಮತ್ತೆ ಎದುರಾಡಲಿಲ್ಲ. ಮಗ ಕಾರು ನಿಲ್ಲಿಸಿದ. ಹುಡುಗ ವಿಜಯೋತ್ಸಾಹದಿಂದ ಮುಂದೆ ಬಂದು ನನ್ನ ತೊಡೆಯೇರಿದ. ಹಿಂದಿನ ಆಸನ ನಿಶ್ಶಬ್ದವಾಯಿತು. ನನ್ನ ಉಪಾಯಕ್ಕೆ ನಾನೇ ಮೆಚ್ಚಿಕೊಂಡೆ.

ಹತ್ತು ನಿಮಿಷ ಕಳೆದಿರಲಿಲ್ಲ. ಒಂದು ತಿರುವಿನಲ್ಲಿ ಎದುರಿನ ಲಾರಿಯನ್ನು ಹಿಂದಿಕ್ಕಿ ಇನ್ನೊಂದು ವಾಹನ ನಮ್ಮ ಪಥಕ್ಕೆ ನುಗ್ಗಿತು. ಮಗ ಬ್ರೇಕ್ ಒತ್ತಿದ. ಡಿಕ್ಕಿಯಾಗಲಿಲ್ಲ, ಕಾರಿಗೆ ಒಂದು ಗೀರೂ ಆಗಲಿಲ್ಲ. ಆದರೆ ಆ ಕ್ಷಣದಲ್ಲಿ ನನ್ನ ಎರಡು ಕೈಗಳೂ ಹುಡುಗನಿಗಾಗಿ ಕಿತ್ತಳೆ ಸುಲಿಯುತ್ತಿದ್ದವು. ಅವನು ನನ್ನ ತೊಡೆಯಿಂದ ಜಾರಿ ಡ್ಯಾಶ್‌ಬೋರ್ಡಿಗೆ ಹಣೆ ಬಡಿದುಕೊಂಡ. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿದ್ದವು. ವೈದ್ಯರ ಬಳಿ ಕುಳಿತಿದ್ದಾಗ ಸೊಸೆ ನನಗೆ ಒಂದು ಮಾತನ್ನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಶಿಷ್ಯರೇ, ಎಂಟನೆಯ, ಒಂಬತ್ತನೆಯ ತರಗತಿಗಳಲ್ಲಿ ಜಡತ್ವದ ಪಾಠವನ್ನು ನಿಮಗೆ ಮಾಡಿದವನು ನಾನೇ. ಚಲಿಸುತ್ತಿರುವ ಬಸ್ಸು ಥಟ್ಟನೆ ನಿಂತಾಗ ಪ್ರಯಾಣಿಕರು ಮುಂದಕ್ಕೆ ಬಾಗುವುದೇಕೆ ಎಂಬ ಪ್ರಶ್ನೆಯನ್ನು ಎಷ್ಟು ಪರೀಕ್ಷೆಗಳಲ್ಲಿ ಕೇಳಿದ್ದೆನೋ ಲೆಕ್ಕವಿಲ್ಲ. ಉತ್ತರಕ್ಕೆ ಎರಡು ಅಂಕ. ಆ ಎರಡು ಅಂಕದ ಉತ್ತರ ನನ್ನ ತೊಡೆಯ ಮೇಲೆಯೇ ಕುಳಿತಿದ್ದಾಗ ನನಗದು ನೆನಪಾಗಲಿಲ್ಲ.

ಮನೆಗೆ ಮರಳಿದ ಮೇಲೆ ಕಾಗದ ಪೆನ್ಸಿಲು ಹಿಡಿದು ಲೆಕ್ಕ ಹಾಕಿದೆ. ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಅಂದು ಡಿಕ್ಕಿಯೇ ಆಗಿ, ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಕಾರು ನಿಂತಿದ್ದರೆ, 18 ಕಿಲೋ ತೂಕದ ಆ ಹುಡುಗನನ್ನು ಹಿಡಿದು ನಿಲ್ಲಿಸಲು ಸುಮಾರು 200 ಕಿಲೋ ತೂಕವನ್ನು ಎತ್ತುವಷ್ಟು ಬಲ ಬೇಕಾಗುತ್ತಿತ್ತು. ನಾಲ್ಕು ಸಿಮೆಂಟ್ ಮೂಟೆಗಳ ತೂಕವದು. ಒಂದು ಮೂಟೆಯನ್ನಾದರೂ ಎತ್ತಬಲ್ಲ ಅಜ್ಜ ನಾನಲ್ಲ. ಇದಲ್ಲದೆ ಮುಂದಿನ ಆಸನದೆದುರಿನ ಏರ್‌ಬ್ಯಾಗ್ ದೊಡ್ಡವರಿಗಾಗಿ ರೂಪಿಸಿದ್ದು. ಕಣ್ಣು ಮಿಟುಕಿಸುವುದರೊಳಗೆ ಅದು ಸಿಡಿದು ಉಬ್ಬುತ್ತದೆ. ತೊಡೆಯ ಮೇಲಿನ ಮಗುವಿಗೆ ಅದೇ ಅಪಾಯ. 'ನಾನು ಹಿಡಿದುಕೊಂಡಿರುತ್ತೇನೆ' ಎಂಬ ಮಾತಿನಲ್ಲಿ ಪ್ರೀತಿ ಎಷ್ಟಿದ್ದರೂ ಸತ್ಯವಿಲ್ಲ.

'ನಾವೆಲ್ಲ ಹೀಗೆಯೇ ಬೆಳೆಯಲಿಲ್ಲವೇ?' ಎಂದು ನನ್ನ ವಯಸ್ಸಿನ ಬಂಧುಗಳು ಕೇಳಬಹುದು. ಹೌದು, ಅಂಬಾಸಿಡರ್ ಕಾರಿನಲ್ಲಿ ಒಂಬತ್ತು ಮಂದಿ ತುಂಬಿಕೊಂಡು ಮದುವೆಗೆ ಹೋದವರು ನಾವು. ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದವರು. ಆದರೆ ಹಾಗೆ ಕೇಳುವವರೆಲ್ಲ ಬದುಕುಳಿದವರು. ಉಳಿಯದವರು ಬಂದು ಸಾಕ್ಷಿ ಹೇಳಲಾರರು. ಅಂದಿನ ರಸ್ತೆ ನಮ್ಮನ್ನು ವೇಗವಾಗಿ ಹೋಗಗೊಡುತ್ತಿರಲಿಲ್ಲ. ಇಂದು ನೆಲಮಂಗಲದಿಂದ ಹಾಸನದವರೆಗೆ ಚತುಷ್ಪಥವಿದೆ; ಮುಳ್ಳು 100ಕ್ಕೆ ಏರಿದ್ದು ಒಳಗೆ ಕುಳಿತವರಿಗೆ ತಿಳಿಯುವುದೇ ಇಲ್ಲ. 2022ರ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ನಡೆದ ಅಪಘಾತದಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿಯವರು ತೀರಿಕೊಂಡರು. ಹಿಂದಿನ ಆಸನದಲ್ಲಿದ್ದ ಅವರು ಸೀಟ್ ಬೆಲ್ಟ್ ಧರಿಸಿರಲಿಲ್ಲವೆಂದು ಪೊಲೀಸರು ತಿಳಿಸಿದ್ದರು. ಹಿಂದಿನ ಆಸನ ತಾನಾಗಿಯೇ ಸುರಕ್ಷಿತವೆಂಬ ನಂಬಿಕೆ ಸುಳ್ಳು.

ಕಾನೂನೂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 194ಬಿ ವಿಧಿಯಂತೆ, ಹದಿನಾಲ್ಕು ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರಪಡಿಸದೆ ವಾಹನ ನಡೆಸಿದರೆ 1000 ರೂಪಾಯಿ ದಂಡ. ನಮ್ಮಲ್ಲಿ ಹೆಲ್ಮೆಟ್ ಇಲ್ಲದವರನ್ನು ತಡೆದು ನಿಲ್ಲಿಸಿದಷ್ಟು ಸುಲಭವಾಗಿ, ಅಜ್ಜನ ತೊಡೆಯ ಮೇಲೆ ಕುಳಿತ ಮಗುವನ್ನು ಯಾರೂ ತಡೆದು ನಿಲ್ಲಿಸುವುದಿಲ್ಲ. ಆ ಕೆಲಸವನ್ನು ಮನೆಯವರೇ ಮಾಡಬೇಕು.

ಹಾಗಾದರೆ ಜಗಳಕ್ಕೆ ಪರಿಹಾರವೇನು? ಇಲ್ಲಿ ನನ್ನ ಶಾಲೆಯ ಒಂದು ಪ್ರಸಂಗ ನೆನಪಾಗುತ್ತದೆ. ಇಬ್ಬರು ಹುಡುಗರು ತಮ್ಮ ಬೆಂಚಿನ ನಡುವೆ ಕೈವಾರದ ಮೊನೆಯಿಂದ ಗೆರೆ ಕೊರೆದು, ದಾಟಿದವನ ಕೈಗೆ ಸ್ಕೇಲಿನಿಂದ ಹೊಡೆಯುವ ಒಪ್ಪಂದ ಮಾಡಿಕೊಂಡಿದ್ದರು. ಒಬ್ಬನನ್ನು ಮುಂದೆ, ಒಬ್ಬನನ್ನು ಹಿಂದೆ ಕೂರಿಸಿದೆ. ಮರುದಿನದಿಂದ ಸೀಮೆಸುಣ್ಣದ ಚೂರುಗಳು ತರಗತಿಯ ಉದ್ದಕ್ಕೂ ಹಾರಾಡಿದವು. ಆಮೇಲೆ ಭೂಪಟಗಳನ್ನು ತಂದು ಗೋಡೆಗೆ ತೂಗುಹಾಕುವ ಹೊಣೆಯನ್ನು ಇಬ್ಬರಿಗೂ ಒಟ್ಟಾಗಿ ವಹಿಸಿದೆ. ಜಗಳ ನಿಲ್ಲಲಿಲ್ಲ, ಆದರೆ ಅದು ಭೂಪಟ ಸೊಟ್ಟಗಿದೆಯೋ ನೆಟ್ಟಗಿದೆಯೋ ಎಂಬ ಜಗಳವಾಯಿತು. ಅದರಿಂದ ಯಾರ ಕೈಗೂ ಪೆಟ್ಟು ಬೀಳಲಿಲ್ಲ. ಮಕ್ಕಳನ್ನು ಬೇರೆ ಮಾಡುವುದು ಅರ್ಧ ಕೆಲಸ. ಅವರ ಕೈಗೆ ಏನಾದರೂ ಕೊಡುವುದು ಉಳಿದರ್ಧ.

ಊರಿನಿಂದ ಬೆಂಗಳೂರಿಗೆ ಮರಳುವಾಗ ನಾನೇ ಒಂದು ಬದಲಾವಣೆ ಸೂಚಿಸಿದೆ. ಮುಂದಿನ ಆಸನವನ್ನು ಸೊಸೆಗೆ ಬಿಟ್ಟುಕೊಟ್ಟೆ. ರಸ್ತೆ ನೇರವಾಗಿ ಕಾಣುವುದರಿಂದ ಅವಳ ತಲೆಸುತ್ತಿಗೂ ಅದೇ ಒಳ್ಳೆಯದು. ನಾನು ಹಿಂದೆ, ಇಬ್ಬರು ಮಕ್ಕಳ ನಡುವೆ ಕುಳಿತೆ. ನಮ್ಮ ಕಾರಿನ ನಡುವಿನ ಆಸನಕ್ಕೂ ಭುಜದ ಮೇಲೆ ಹಾಯುವ ಬೆಲ್ಟ್ ಇದೆ, ಅದನ್ನು ಕಟ್ಟಿಕೊಂಡೆ. ಇಬ್ಬರಿಗೂ ಒಂದೊಂದು ಕಿಟಕಿ ದೊರೆಯಿತು. ನಡುವೆ ದಿಂಬಿಗಿಂತ ಗಟ್ಟಿಯಾದ ಗಡಿಯೂ ದೊರೆಯಿತು. ಇಷ್ಟು ಸರಳವಾದ ಉಪಾಯ ಹೋಗುವಾಗ ಹೊಳೆಯದಿದ್ದುದೇಕೆ? ಹಿರಿಯರ ಆಸನವನ್ನು ಬಿಟ್ಟುಕೊಡಬೇಕೆಂಬ ಯೋಚನೆಯೇ ಯಾರಿಗೂ ಬಂದಿರಲಿಲ್ಲ, ನನಗಂತೂ ಮೊದಲೇ ಬಂದಿರಲಿಲ್ಲ. ನನ್ನ ಮಂಡಿನೋವಿಗೆ ಒಂದೂವರೆ ಗಂಟೆಗೊಮ್ಮೆ ಕಾರು ನಿಲ್ಲಿಸಬೇಕಾಯಿತು. ಮಕ್ಕಳಿಗೂ ಅಷ್ಟೇ ಬೇಕಾಗಿತ್ತು.

ಕೈಗೆ ಕೆಲಸವೂ ಸಿಕ್ಕಿತು. ಮೊಮ್ಮಗಳು ವಾಹನಗಳ ನಂಬರು ನೋಡಿ ಊರು ಹೇಳಬೇಕು: ಕೆಎ 19 ಮಂಗಳೂರು, 21 ಪುತ್ತೂರು, 13 ಹಾಸನ, 18 ಚಿಕ್ಕಮಗಳೂರು, 06 ತುಮಕೂರು. ಮೊಮ್ಮಗ ಮೈಲಿಗಲ್ಲಿನ ತಲೆಯ ಬಣ್ಣ ನೋಡಬೇಕು: ಹಳದಿಯಾದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾದರೆ ರಾಜ್ಯ ಹೆದ್ದಾರಿ. ಬಳಿಕ ಒಗಟು, ಅಂತ್ಯಾಕ್ಷರಿ. ಜಗಳ ಇರಲೇ ಇಲ್ಲವೆಂದರೆ ಸುಳ್ಳಾದೀತು. ಆದರೆ ಮಗ ಒಮ್ಮೆಯೂ ಹಿಂದೆ ತಿರುಗಲಿಲ್ಲ.

ಮೊಬೈಲ್ ಕೊಟ್ಟರೆ ಸುಮ್ಮನಿರುತ್ತಾರಲ್ಲ ಎನ್ನುವವರಿಗೆ ಒಂದು ಮಾತು. ನಾನು ಅದರ ಶತ್ರುವಲ್ಲ. ಆದರೆ ತಿರುವುಗಳಲ್ಲಿ ಒಳಕಿವಿ ಚಲನೆಯನ್ನು ಗ್ರಹಿಸುತ್ತದೆ, ಕಣ್ಣು ನಿಶ್ಚಲವಾದ ಪರದೆಯನ್ನು ಕಾಣುತ್ತದೆ. ಇವೆರಡರ ವಿರೋಧದಿಂದಲೇ ವಾಂತಿ ಬರುವುದು. ಘಟ್ಟದಲ್ಲಿ ಅದು ಬೇಡ. ಕಡೆಯ ಒಂದು ಗಂಟೆಗೆ, ಎಲ್ಲರ ತಾಳ್ಮೆಯೂ ಮುಗಿದಾಗ, ಅದನ್ನು ಮೀಸಲಿಡಿರಿ.

ಇನ್ನು ಕೆಲವನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಹಿಂದಿನ ಬಾಗಿಲುಗಳ ಅಂಚಿನಲ್ಲಿ ಮಕ್ಕಳ ಬೀಗದ ಸಣ್ಣ ಕೀಲಿರುತ್ತದೆ. ಅದನ್ನು ಹಾಕಿದರೆ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ಹೊರಡುವ ಮೊದಲು ಅದನ್ನು ನೋಡಿಕೊಳ್ಳಿರಿ. ಮಕ್ಕಳ ನಡುವೆ ಗಡಿಗಾಗಿ ಸೂಟ್‌ಕೇಸನ್ನಾಗಲಿ ಸ್ಟೀಲ್ ಬಾಟಲಿಯನ್ನಾಗಲಿ ಇಡಬೇಡಿರಿ. ಬ್ರೇಕ್ ಒತ್ತಿದಾಗ ಅವೂ ಹಾರುತ್ತವೆ. ಬೆಲ್ಟ್ ಮಗುವಿನ ಭುಜದ ಬದಲು ಕುತ್ತಿಗೆಗೆ ತಾಗುತ್ತಿದ್ದರೆ ಎತ್ತರಿಸುವ ಆಸನ ಬೇಕೆಂದು ತಿಳಿಯಿರಿ. ಬೆಲ್ಟನ್ನು ಶಿಕ್ಷೆಯ ಮಾತಾಗಿ ಎಂದೂ ಆಡಬೇಡಿರಿ. 'ತಂಟೆ ಮಾಡಿದರೆ ಕಟ್ಟಿಹಾಕುತ್ತೇನೆ' ಎಂದರೆ ಒಳ್ಳೆಯ ಮಗು ತನಗದು ಬೇಡವೆಂದುಕೊಳ್ಳುತ್ತದೆ. ಜಗಳ ಮಿತಿಮೀರಿದರೆ ಗದರಬೇಡಿರಿ, ಸುರಕ್ಷಿತ ಜಾಗ ನೋಡಿ ಕಾರು ನಿಲ್ಲಿಸಿರಿ. ಶಾಂತವಾದ ಮೇಲೆಯೇ ಹೊರಡಿರಿ. ಅರ್ಧ ಗಂಟೆ ತಡವಾದರೆ ಊರಿನಲ್ಲಿ ಕಾಯುವವರು ಕಾಯುತ್ತಾರೆ.

ಕಡೆಯದಾಗಿ, ನನ್ನಂತಹ ಅಜ್ಜ ಅಜ್ಜಿಯರಿಗೆ ಒಂದು ವಿನಂತಿ. ಮಗುವಿನ ತಾಯಿ 'ಬೇಡ ಮಾವ' ಎಂದಾಗ ಅದನ್ನು ಹೊಸ ಕಾಲದ ಭಯವೆಂದು ತಳ್ಳಿಹಾಕಬೇಡಿರಿ. ಅವಳು ಓದಿರುತ್ತಾಳೆ, ನಾವು ಪಾಠ ಮಾಡಿ ಮರೆತಿರುತ್ತೇವೆ. ನಮ್ಮ ಹಿರಿತನಕ್ಕೆ ಹೆದರಿ ಅವಳು ಸುಮ್ಮನಾದರೆ ಆ ಮೌನದ ಹೊಣೆಯೂ ನಮ್ಮದೇ.

ಹುಡುಗನ ಗಾಯ ಮಾಯ್ದಿದೆ. ಹುಬ್ಬಿನ ಮೇಲೆ ಒಂದು ಸಣ್ಣ ಬಿಳಿಯ ಗೆರೆ ಉಳಿದಿದೆ. ಕೇಳಿದವರಿಗೆ ಅವನು, 'ಅಜ್ಜ ಕಿತ್ತಳೆ ಕೊಡುವಾಗ ಆಯಿತು' ಎಂದು ಹೆಮ್ಮೆಯಿಂದ ಹೇಳುತ್ತಾನೆ. ಅವನಲ್ಲಿ ದೂರಿಲ್ಲ. ನಾನು ಮಾತ್ರ ಈಗ ಕಾರಿನಲ್ಲಿ ಎಲ್ಲರ ಬೆಲ್ಟಿನ ಸದ್ದು ಕೇಳುವವರೆಗೆ ಹೊರಡುವುದಕ್ಕೆ ಬಿಡುವುದಿಲ್ಲ. ಹಾಜರಿ ತೆಗೆದುಕೊಂಡ ಹಾಗೆ ಒಬ್ಬೊಬ್ಬರನ್ನೇ ಕೇಳುತ್ತೇನೆ. ಮೊಮ್ಮಗ ಎಲ್ಲರಿಗಿಂತ ಗಟ್ಟಿಯಾಗಿ 'ಹಾಜರ್' ಎನ್ನುತ್ತಾನೆ.

ನಿಮ್ಮ ಪ್ರಯಾಣಗಳು ಸುಖಕರವಾಗಲಿ. ನಿಮ್ಮ ಮಕ್ಕಳ ಜಗಳಗಳನ್ನೂ, ನೀವು ಕಂಡುಕೊಂಡ ಉಪಾಯಗಳನ್ನೂ ಬಿಡುವಾದಾಗ ಬರೆದು ತಿಳಿಸಿರಿ.