ಬೇಸಿಗೆಗೊಂದು ಗ್ಲೌಸ್
ಏಪ್ರಿಲ್ ಬಿಸಿಲಲ್ಲಿ ಕಲಬುರಗಿ ಕಡೆ ಬೈಕ್ ಓಡಿಸುವವರಿಗೆ ಗ್ಲೌಸ್ ಹಾಕಿಕೊಳ್ಳಿ ಅಂದರೆ ನಕ್ಕುಬಿಡುತ್ತಾರೆ. ಹಾಕಿದರೂ ಫುಟ್‌ಪಾತಿನಲ್ಲಿ ಸಿಗುವ ತೆಳು ಬಟ್ಟೆಯದು. ಅದು ಕೈ ಕಪ್ಪಾಗದಂತೆ ಕಾಯುತ್ತದೆ, ಅಷ್ಟೇ. ಬೀಳುವಾಗ ನಾವು ಮೊದಲು ಊರುವುದು ಅಂಗೈ. ಅದು ಡಾಂಬರಿಗೆ ಕಚ್ಚಿಕೊಂಡು ನಿಂತರೆ ಮೈಭಾರವೆಲ್ಲ ಮಣಿಕಟ್ಟಿನ ಸ್ಕೇಫಾಯ್ಡ್ ಎಂಬ ಪುಟ್ಟ ಮೂಳೆಯ ಮೇಲೆ. ರಕ್ತ ಪೂರೈಕೆ ಅಷ್ಟಕ್ಕಷ್ಟೇ ಇರುವ ಆ ಮೂಳೆ ಮುರಿದರೆ ಕೂಡಿಕೊಳ್ಳಲು ತಿಂಗಳುಗಟ್ಟಲೆ ಸತಾಯಿಸುವುದುಂಟು. ಅದಕ್ಕೇ ಒಳ್ಳೆಯ ಗ್ಲೌಸಿನ ಅಂಗೈ ಬುಡದಲ್ಲಿ ನುಣುಪಾದ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ, ಕೈ ಕಚ್ಚಿಕೊಳ್ಳದೆ ಜಾರಲಿ ಅಂತ. ಗಾಳಿಯಾಡುವ ಜಾಲರಿ ಮೇಲ್ಭಾಗದಲ್ಲಿರಲಿ. ಅಂಗೈಗೆ ಚರ್ಮವೇ ಬೇಕು. ಆಡಿನ ಚರ್ಮ ತೆಳುವಾದರೂ ಗಟ್ಟಿ, ಸೆಕೆಯೂ ಕಡಿಮೆ. ಒಳಗಿನ ಚೀಟಿಯಲ್ಲಿ ಇಎನ್ 13594 ಎಂಬ ಯುರೋಪಿನ ಮಾನಕವಿದೆಯೇ ನೋಡಿ. ಜೊತೆಗೆ ಕೆಪಿ ಎಂದಿದ್ದರೆ ಗೆಣ್ಣುಗಳ ಕವಚಕ್ಕೂ ಪರೀಕ್ಷೆಯಾಗಿದೆ ಎಂದರ್ಥ. ಅರ್ಧ ಬೆರಳಿನದು ಜಿಮ್ಮಿಗೆ ಸರಿ, ರಸ್ತೆಗಲ್ಲ. ಕೊಳ್ಳುವಾಗ ಅಂಗಡಿಯಲ್ಲೇ ಮಣಿಕಟ್ಟಿನ ಪಟ್ಟಿ ಬಿಗಿದು, ಬೆರಳ ತುದಿ ಹಿಡಿದು ಜೋರಾಗಿ ಎಳೆಯಿರಿ. ಕಳಚಿ ಬಂತೋ, ಬೇರೆ ತೋರಿಸಿ ಅನ್ನಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.